ಏಳು ಅಕ್ಷರ, ನನ್ನ ಒಂದೇ ಉತ್ತರ

ಎ, ಬಿ, ಒ, ಆರ್, ಎಸ್, ಟಿ, ಯು. ಈ ಏಳು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಸಲ ಮಾತ್ರ ಬಳಸಿ, ಏಳನ್ನೂ ಖರ್ಚು ಮಾಡಿ ಒಂದು ಪದ ಕಟ್ಟಬೇಕು. ಕೊಡಗಿನವರಿಗೆ ಇದೇನು ಮಹಾ? ಕಣದಲ್ಲಿ ಒಣಗುವುದೂ ಅದೇ, ಬ್ಯಾಂಕಿನ ಸಾಲ ತೀರಿಸಬೇಕಾದದ್ದೂ ಅದೇ: ರೋಬಸ್ಟಾ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಒಗಟು ಬೇರೆ ಇರಲಾರದು ಎಂದು ನಾನು ಬೀಗಿದ್ದೆ.

ಕಕ್ಕಡದ ಮಳೆಯಲ್ಲಿ ಇಲ್ಲಿ ಮೈದಾನದ ಆಟವೆಲ್ಲ ಬಂದ್. ಹಾಗಾಗಿ ನಮ್ಮೂರಿನಲ್ಲಿ ಮಕ್ಕಳಿಗೆ ಒಳಗೇ ಕೂತು ಆಡುವ ಸ್ಪರ್ಧೆಗಳು: ಕೇರಂ, ರಸಪ್ರಶ್ನೆ, ಜೊತೆಗೆ ಇಂಗ್ಲಿಷ್ ಪದ ಹುಡುಕುವುದು. ಇಂಗ್ಲಿಷ್ ಮೇಷ್ಟ್ರಾಗಿದ್ದವನೆಂದು ಕೊನೆಯದನ್ನು ನನಗೆ ವಹಿಸಿದ್ದರು. ಕಡೆಯ ಸುತ್ತಿಗೆ ಈ ಏಳು ಅಕ್ಷರಗಳನ್ನು ಬೋರ್ಡಿನ ಮೇಲೆ ಬರೆದೆ. ಉತ್ತರದ ಚೀಟಿ ನನ್ನ ಅಂಗಿಯ ಜೇಬಿನಲ್ಲಿತ್ತು. ಅದರಲ್ಲಿದ್ದದ್ದು ಒಂದೇ ಪದ.

ಹೆಚ್ಚಿನ ಮಕ್ಕಳು ಆರು ಅಕ್ಷರದವರೆಗೆ ಬಂದು ನಿಂತರು. ಗಟ್ಟಿಮುಟ್ಟು ಎನ್ನುವ ಅರ್ಥದ 'ರೋಬಸ್ಟ್' ಸಿಕ್ಕಿದವರಿಗೆ ಉಳಿದ ಒಂದು 'ಎ'ಯನ್ನು ಎಲ್ಲಿ ಕೂರಿಸುವುದೆಂದು ತೋಚಲಿಲ್ಲ, ಮನೆಯ ಮುಂದೆಯೇ ಆ ಗಿಡ ಇದ್ದರೂ. ಕೀಬೋರ್ಡ್ ಕಲಿಯುತ್ತಿದ್ದ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಹಾಳೆ ತಂದುಕೊಟ್ಟಳು. 'ರುಬಾಟೋಸ್' ಎಂದಿತ್ತು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ.

"ಸರ್, ಇದು ಮ್ಯೂಸಿಕ್‌ನಲ್ಲಿ ಬರುತ್ತೆ" ಅಂದಳು.

"ಮ್ಯೂಸಿಕ್ ಬೇರೆ, ಇಂಗ್ಲಿಷ್ ಬೇರೆಯಮ್ಮ" ಎಂದೆ. ಅಪ್ಪ-ಅಮ್ಮಂದಿರು ನಕ್ಕರು. ನನಗೆ ಆ ನಗು ಹಿತವಾಯಿತು. ಮೇಜಿನ ಮೇಲೆ ನಿಘಂಟು ಇತ್ತು, ತೆರೆಯಲಿಲ್ಲ. ಇಂಗ್ಲಿಷ್ ಮೇಷ್ಟ್ರು ಎಲ್ಲರೆದುರು ಪದದ ಅರ್ಥ ಹುಡುಕುತ್ತಾ ನಿಂತರೆ ಏನು ಚೆನ್ನ ಎನ್ನುವ ಬಿಗುಮಾನ. ಬಹುಮಾನ ರೋಬಸ್ಟಾ ಬರೆದ ಹುಡುಗನಿಗೆ ಹೋಯಿತು.

ನಿಘಂಟು ತೆರೆದಿದ್ದರೆ ಅವಳ ಪದವನ್ನು ಅರ್ಧ ನಿಮಿಷದಲ್ಲಿ ತಾಳೆ ನೋಡಬಹುದಿತ್ತು. ಆದರೆ ಬೇರೆ ಉತ್ತರಗಳು ಇವೆಯೇ ಎಂದು ಮೊದಲೇ ತಿಳಿಯಲು ನಿಘಂಟಿನಿಂದ ಆಗುವುದಿಲ್ಲ. ಮಡಿಕೇರಿಯಲ್ಲೂ ಕೆಲಕಾಲ ಇದ್ದ ಕಿಟೆಲ್ 1894ರಲ್ಲಿ ಹೊರತಂದ ನಿಘಂಟಾಗಲಿ, ಶಾಲೆಯ ಪುಟ್ಟ ಇಂಗ್ಲಿಷ್ ನಿಘಂಟಾಗಲಿ, ಪದದ ಮೊದಲ ಅಕ್ಷರ ಗೊತ್ತಿದ್ದವರಿಗೆ ಮಾತ್ರ ಉಪಯೋಗ. ಇಲ್ಲಿ ಗೊತ್ತಿರುವುದು ಅಕ್ಷರಗಳ ಗುಂಪು, ಅವುಗಳ ಸಾಲಲ್ಲ. ಏಳು ಬೇರೆ ಬೇರೆ ಅಕ್ಷರಗಳನ್ನು 5,040 ರೀತಿಯಲ್ಲಿ ಜೋಡಿಸಬಹುದು. ಸೆಕೆಂಡಿಗೊಂದರಂತೆ ನೋಡಿದರೂ 84 ನಿಮಿಷ ಬೇಕು. ನಮ್ಮ ಪದಬಂಧದ ಅಭ್ಯಾಸವೂ ಇಲ್ಲಿ ನೆರವಿಗೆ ಬರುವುದಿಲ್ಲ. ಕನ್ನಡದ 'ಕಾಫಿ'ಗೆ ಎರಡೇ ಮನೆ ಸಾಕು, ಸ್ವರ ವ್ಯಂಜನದೊಳಗೇ ಕೂತಿರುತ್ತದೆ. ಇಂಗ್ಲಿಷಿನಲ್ಲಿ ಅದೇ ಕಾಫಿ ಆರು ಮನೆ ಹಿಡಿಯುತ್ತದೆ. ಸ್ವರಗಳೆಲ್ಲ ಬಿಡಿಬಿಡಿ, ಯಾವುದು ಯಾರ ಪಕ್ಕಕ್ಕೆ ಬೇಕಾದರೂ ಹೋಗಿ ಕೂರುತ್ತದೆ.

ಉಪಾಯ ತೋರಿಸಿದ್ದು ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಅಕ್ಕನ ಮಗ. ಅಕ್ಷರಗಳನ್ನು ಕಲಸುವುದಲ್ಲ ಮಾವ, ಪ್ರತಿ ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ತರಬೇಕು ಎಂದ. ಚಹಾಕ್ಕೆ ಬರೆಯುವ ಟಿ-ಇ-ಎ, ತಿನ್ನುವುದಕ್ಕೆ ಬರೆಯುವ ಇ-ಎ-ಟಿ, ತಿಂದಾದ ಮೇಲೆ ಬರೆಯುವ ಎ-ಟಿ-ಇ, ಮೂರನ್ನೂ ಹಾಗೆ ಜೋಡಿಸಿದರೆ ಎ-ಇ-ಟಿ ಎಂಬ ಒಂದೇ ಸಾಲು ಬರುತ್ತದೆ. ಪದಪಟ್ಟಿಯ ಎಲ್ಲ ಪದಗಳಿಗೂ ಇಂಥ ಸಾಲು ಬರೆದಿಟ್ಟುಕೊಂಡರೆ, ಒಂದೇ ಸಾಲಿನವು ತಾವಾಗಿ ಒಂದೆಡೆ ಸೇರುತ್ತವೆ. 5,040 ಜೋಡಣೆಯ ಗೊಡವೆಯೇ ಇಲ್ಲ. ಕಂಪ್ಯೂಟರ್ ಮಾಡುವುದೂ ಇಷ್ಟನ್ನೇ. ನಾನು ನಿವೃತ್ತನಾಗುವವರೆಗೂ ಇದು ಯಾರಿಗೂ ಹೊಳೆಯಲಿಲ್ಲವೇ ಎಂದುಕೊಂಡೆ. ಹೊಳೆದಿತ್ತು, ನಾನು ಕೇಳಿರಲಿಲ್ಲ.

ಅವನ ಲ್ಯಾಪ್‌ಟಾಪಿನಲ್ಲಿ ನನ್ನ ಏಳು ಅಕ್ಷರಗಳಿಗೆ ಮೂರು ಪದ ಬಂದವು. ರೋಬಸ್ಟಾ. ಟೇಬರ್ಸ್, ಅಂದರೆ ನಮ್ಮ ದುಡಿಯ ಹಾಗೆ ಚರ್ಮ ಬಿಗಿದ ಒಂದು ಪುಟ್ಟ ವಾದ್ಯ, ಬಹುವಚನದಲ್ಲಿ. ಮೂರನೆಯದು ರುಬಾಟೋಸ್. ಲಯವನ್ನು ಕೊಂಚ ಹಿಗ್ಗಿಸಿ ಕುಗ್ಗಿಸಿ ನುಡಿಸುವುದಕ್ಕೆ ಸಂಗೀತದವರು ರುಬಾಟೋ ಎನ್ನುತ್ತಾರೆ. ಇಟಲಿಯಿಂದ ಬಂದರೂ ಇಂಗ್ಲಿಷ್ ನಿಘಂಟಿನಲ್ಲಿ ಖಾಯಂ ಆಗಿ ನೆಲೆಸಿದ ಪದ.

ಬಾಗಿಲು ತೆಗೆದಿಟ್ಟದ್ದು ನಾನು ಕೊಟ್ಟ 'ಎಸ್' ಅಕ್ಷರವೇ. ಸ್ಕ್ರಾಬಲ್ ಆಟ ಕಟ್ಟಿದ ಅಮೆರಿಕದ ಆಲ್ಫ್ರೆಡ್ ಬಟ್ಸ್‌ಗೆ ಈ ಅಕ್ಷರದ ಕಿತಾಪತಿ ಗೊತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಈ ವಾಸ್ತುಶಿಲ್ಪಿ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿದ. ಆಟದ 100 ಬಿಲ್ಲೆಗಳಲ್ಲಿ 'ಇ' ಹನ್ನೆರಡು. 'ಎಸ್' ಮಾತ್ರ ನಾಲ್ಕೇ ನಾಲ್ಕು; ಹೆಚ್ಚು ಕೊಟ್ಟರೆ ಎಲ್ಲರೂ ಬಾಲಕ್ಕೊಂದು 'ಎಸ್' ಅಂಟಿಸಿ ಬಹುವಚನ ಮಾಡಿಬಿಡುತ್ತಾರೆ. ಅವನು ಎಣಿಸಿದ, ನಾನು ಎಣಿಸಲಿಲ್ಲ. ಆ ಹುಡುಗಿ ಮಾಡಿದ್ದು ಆಟದ ನಿಯಮಕ್ಕೆ ಒಪ್ಪುವ ಕೆಲಸವೇ.

ಸಂಘಟಕರಿಗೆ ಹೇಳಿದೆ. "ಬಹುಮಾನ ಕೊಟ್ಟಾಯ್ತಲ್ಲ ಸರ್, ಈಗ ಯಾಕೆ ಕೆದಕೋದು" ಎಂದರು. ನನಗೂ ಬೇಕಿದ್ದದ್ದು ಅದೇ ಮಾತು, ಸುಮ್ಮನಾದೆ. ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮದುವೆ ಊಟದಲ್ಲಿ ಹುಡುಗಿಯ ತಾಯಿ ಎದುರಾದರು. ಅಲ್ಲಿಯೂ ತಪ್ಪಿಸಿಕೊಳ್ಳಲು ಜಾಗ ಹುಡುಕಿದೆ. ಸಿಗಲಿಲ್ಲ, ವಿಷಯ ಹೇಳಿದೆ.

"ಅಯ್ಯೋ, ನಮಗೆ ಅವತ್ತೇ ಗೊತ್ತಿತ್ತು ಸರ್" ಎಂದರು. "ಮನೆಗೆ ಬಂದು ಡಿಕ್ಷನರಿ ತೆಗೆದು ತೋರಿಸಿದ್ಲು. ಮತ್ತೆ ಬಂದು ಕೇಳೋಣ ಅಂದೆ. ಬೇಡಮ್ಮ, ಸರ್‌ಗೆ ಎಲ್ಲರೆದುರು ಬೇಜಾರಾಗುತ್ತೆ ಅಂದ್ಲು."

ಮುಂದಿನ ಕಕ್ಕಡಕ್ಕೆ ಮತ್ತೆ ನನ್ನನ್ನೇ ಕರೆದರು. ಒಪ್ಪಿಕೊಂಡೆ, ಆದರೆ ಉತ್ತರ ನೋಡುವ ಮೇಜಿಗೆ ಆ ಹುಡುಗಿಯನ್ನು ಕೂರಿಸಬೇಕು ಎಂದೆ. ಅಕ್ಷರಗಳನ್ನು ಮಾತ್ರ ನಾನು ಬರೆದೆ: ಮೂರು 'ಎ', ಜೊತೆಗೆ ಬಿ, ಸಿ, ಐ, ಆರ್. ಅರೇಬಿಕಾ. ಚೀಟಿ ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ: "ಇದನ್ನ ಚೆಕ್ ಮಾಡಿದ್ದೀರಾ ಸರ್?"