ಹನ್ನೊಂದು ಸಾವಿರದ ಡಿಗ್ರಿ

ಮೂರು ವರ್ಷದ ಬಿಎಗೆ ನಾನು ಕಟ್ಟಿದ ಫೀಸು ಒಟ್ಟು 11,000 ರೂಪಾಯಿ ದಾಟಿಲ್ಲ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಇತಿಹಾಸ, ಪತ್ರಿಕೋದ್ಯಮ, ಐಚ್ಛಿಕ ಕನ್ನಡ. ಬ್ಯಾಂಕಿನಲ್ಲಿ ಚಲನ್ ತುಂಬುವಾಗ ಅಪ್ಪ ‘ಇಷ್ಟೇನಾ?’ ಅಂತ ಎರಡು ಸಲ ಕೇಳಿದ್ದ.

ಇಷ್ಟೇ ಆಗಿರಲಿಲ್ಲ. ಬಸ್ ಪಾಸು, ಬಸ್ಸು ತಪ್ಪಿದ ದಿನ ಟೆಂಪೋ, ಜೆರಾಕ್ಸು, ಮಧ್ಯಾಹ್ನದ ಚಿತ್ರಾನ್ನ, ಇವುಗಳ ಮುಂದೆ ಫೀಸು ಚಿಕ್ಕದು. ಇನ್ನೊಂದು ಬಾಬತ್ತು ಯಾವ ರಸೀದಿಯಲ್ಲೂ ಇಲ್ಲ. ನಾನು ಸೇರಿದ 2019ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 249 ರೂಪಾಯಿ, ಮನೆಗೆ ನೂರು ದಿನ. ನನ್ನ ಪಾಲಿನ ದಿನಗಳಿಗೂ ಅವ್ವನೇ ಗುದ್ದಲಿ ಹಿಡಿದಳು. ಮನೆಗೆ ಬರುವ ದುಡ್ಡು ಕಮ್ಮಿಯಾಗಲಿಲ್ಲ, ಅವಳ ಸೊಂಟ ಹೋಯಿತು.

ಕಾಲೇಜಿನಲ್ಲಿ ಕ್ಯಾಮೆರಾ ಇರಲಿಲ್ಲ. ಪುಟವಿನ್ಯಾಸದ ಪಾಠವನ್ನು ಕಪ್ಪು ಹಲಗೆ ಮೇಲೆ ಗೆರೆ ಎಳೆದು ಕಲಿತೆವು. (ಮೇಷ್ಟ್ರು ಗೆರೆಯನ್ನು ಚೆನ್ನಾಗಿಯೇ ಎಳೆಯುತ್ತಿದ್ದರು.) ಪತ್ರಿಕೆಗೆ ಸೇರಿದಾಗ ನುಡಿಯಲ್ಲಿ ಟೈಪ್ ಮಾಡಲು ಬಾರದೆ ಆರು ತಿಂಗಳು ರಾತ್ರಿ ಪಾಳಿಯಲ್ಲಿ ಕಲಿತೆ. ಪಕ್ಕದ ಕುರ್ಚಿಯ ಗೆಳೆಯ ವರ್ಷಕ್ಕೆ 60,000 ಕೊಟ್ಟು ಸ್ಟುಡಿಯೋ ಇದ್ದ ಖಾಸಗಿ ಕಾಲೇಜಿನಲ್ಲಿ ಓದಿದವನು. ಮೊದಲ ವಾರವೇ ಪುಟ ಕಟ್ಟಿದ. ಸಂಬಳ ಮಾತ್ರ ಇಬ್ಬರಿಗೂ 14,000. ಅವನದರಲ್ಲಿ ಸಾಲದ ಕಂತು ಹೋಗುತ್ತದೆ, ನನ್ನದರಲ್ಲಿ ಅವ್ವನ ಮಾತ್ರೆ.

ಈ ವರ್ಷ ತಂಗಿಯ ಪಿಯುಸಿ ಮುಗಿಯಿತು. ಅದೇ ಕಾಲೇಜಿಗೆ ಸೇರು ಅಂದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ, ಬಸ್ಸು ಬಂದರೆ ಸಾಕು. ಅಡ್ಮಿಷನ್ನಿಗೂ ಮೊದಲು ಅವಳಿಗೊಂದು ಹಳೇ ಲ್ಯಾಪ್‌ಟಾಪ್ ತಂದುಕೊಟ್ಟೆ, 18,000. ‘ಇಷ್ಟೊಂದಾ?’ ಅಂದ ಅಪ್ಪ.