ಎಸ್‌.ಪಿ. ರೋಡಿನಲ್ಲಿ ಒಂದು ಶನಿವಾರ

ನನ್ನ ಫೋನಿನಲ್ಲಿ 14 ಸಾವಿರ ಫೋಟೊಗಳಿವೆ. ಆದರೂ ಹೋದ ವರ್ಷ ನಮ್ಮಜ್ಜ ತೀರಿಕೊಂಡಾಗ ಫ್ರೇಮ್ ಹಾಕಿಸೋಕೆ ಒಂದೇ ಒಂದು ಒಳ್ಳೆಯ ಫೋಟೊ ಸಿಗಲಿಲ್ಲ.

ಚೆನ್ನಾಗಿದ್ದ ಒಂದು ಫೋಟೊ ಇತ್ತು. ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ, ಬದುವಿನ ಮೇಲೆ ಕೂತು ಅಜ್ಜ ನಗುತ್ತಿರುವುದು. ತೆಗೆದವನು ನನ್ನ ಮಾವನ ಮಗ. ಅವನ ಆ ಫೋನ್ ಯಾವಾಗಲೋ ಕೆಟ್ಟುಹೋಗಿತ್ತು. ಉಳಿದಿದ್ದು ಫ್ಯಾಮಿಲಿ ಗ್ರೂಪಿನಲ್ಲಿದ್ದ ವಾಟ್ಸ್‌ಆ್ಯಪ್ ಕಾಪಿ ಮಾತ್ರ. ಅದನ್ನು 12x18 ಇಂಚಿನ ಫ್ರೇಮಿಗೆ ದೊಡ್ಡದು ಮಾಡಿದರೆ ಮುಖವೆಲ್ಲ ಮಸುಕು. ಕೊನೆಗೆ ಅತ್ತೆಯ ಮದುವೆ ಆಲ್ಬಮ್ಮಿನಲ್ಲಿ, ಯಾರದೋ ಕೋಟು ಹಾಕಿಕೊಂಡು ಬಿಗಿಯಾಗಿ ನಿಂತಿದ್ದ ಅಜ್ಜನನ್ನು ಹುಡುಕಿ ಫ್ರೇಮ್ ಹಾಕಿಸಿದೆವು.

ದಿನಾ ಅದರ ಮುಂದೆ ದೀಪ ಹಚ್ಚುವಾಗ ಅಜ್ಜಿ, ‘ಇವ್ರು ಯಾರೋ ಮದ್ವೆಗೆ ಬಂದಿರೋ ದೊಡ್ ಮನುಷ್ರು ಕಣೆ, ನಮ್ಮನೆಯವ್ರಲ್ಲ’ ಅಂತಾರೆ. ತಮಾಷೆಗೇ ಹೇಳೋದು. ಆದರೂ ಒಳಗೆಲ್ಲೋ ಚುಚ್ಚುತ್ತೆ.

ಅಜ್ಜಿಗೆ ಫೋನಿನಲ್ಲಿ ಫೋಟೊ ತೋರಿಸೋದೂ ಕಷ್ಟ. ಬೆರಳು ತಾಗಿದರೆ ಮುಂದಿನದು ಬರುತ್ತೆ, ಸುಮ್ಮನಿದ್ದರೆ ಸ್ಕ್ರೀನ್ ಆರಿಹೋಗುತ್ತೆ. ‘ಎಲ್ಲೋಯ್ತೆ ಮಗು?’ ಅಂತ ಫೋನನ್ನು ತಿರುಗಿಸಿ ಹಿಂದೆ ನೋಡ್ತಾರೆ. ಅದಕ್ಕೇ ಮನೆಗೊಂದು ಫೋಟೊ ಪ್ರಿಂಟರ್ ತರೋಣ, ತಿಂಗಳಿಗೊಂದಿಷ್ಟು ಫೋಟೊ ಅಜ್ಜಿಗೆ ಕಳಿಸೋಣ ಅಂತ ತೀರ್ಮಾನಿಸಿದೆ. ಬಜೆಟ್ 15 ಸಾವಿರ. ಆನ್‌ಲೈನಿನಲ್ಲಿ ರಿವ್ಯೂ ಓದಿ ಓದಿ ತಲೆ ಕೆಟ್ಟ ಮೇಲೆ ನೆನಪಾಗಿದ್ದು ಎಸ್‌.ಪಿ. ರೋಡ್.

ಪೇಟೆಯೊಳಗೆ

ಭಾನುವಾರ ಅಲ್ಲಿ ಅಂಗಡಿ ಬಾಗಿಲು ಹಾಕಿರೋದೇ ಹೆಚ್ಚು. ಹಾಗಾಗಿ ಶನಿವಾರ ಹೊರಟೆ. ಹಸಿರು ಮಾರ್ಗದ ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಹೂವಿನ ವಾಸನೆ, ಬಸ್ಸಿನ ಹೊಗೆ ಎರಡೂ ಒಟ್ಟಿಗೇ ಮೂಗಿಗೆ ಹೊಡೆಯುತ್ತೆ. ಟೌನ್‌ಹಾಲ್ ಕಡೆ ನಡೆದು ಪೇಟೆಯೊಳಗೆ ತಿರುಗಿದರೆ ಸಾದರ್ ಪತ್ರಪ್ಪ ರಸ್ತೆ. ಪೂರ್ತಿ ಹೆಸರು ಎಷ್ಟು ಜನರಿಗೆ ಗೊತ್ತೋ, ಎಲ್ಲರ ಬಾಯಲ್ಲೂ ಎಸ್‌.ಪಿ. ರೋಡೇ.

ಕೆಂಪೇಗೌಡರ ಕಾಲದಿಂದ ಬೆಳೆದ ಹಳೇ ಪೇಟೆ ಇದು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಅಂತ ಇಲ್ಲಿ ಹಿಂದೆ ಮಾರುತ್ತಿದ್ದ ಸರಕಿನ ಹೆಸರೇ ಬೀದಿಯ ಹೆಸರು. ಆ ಲೆಕ್ಕದಲ್ಲಿ ಎಸ್‌.ಪಿ. ರೋಡಿಗೆ ‘ಕಂಪ್ಯೂಟರ್‌ಪೇಟೆ’ ಅನ್ನಬೇಕಿತ್ತು. ಕೀಬೋರ್ಡ್, ಕೇಬಲ್, ಸಿಸಿಟಿವಿ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಎಲ್ಲ ರಸ್ತೆಗೇ ಬಂದು ಕೂತಿರುತ್ತವೆ. ನಡುವೆ ಮೂಟೆ ಹೊತ್ತವರು ‘ಸೈಡ್, ಸೈಡ್’ ಅಂತ ಕೂಗುತ್ತಾ ನುಗ್ಗುತ್ತಾರೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಆರ್ಡುಯಿನೊ ಬೋರ್ಡ್ ಹುಡುಕಿಕೊಂಡು ನಾಲ್ಕು ಜನ ಗೆಳತಿಯರು ಇದೇ ರಸ್ತೆಯಲ್ಲಿ ಅಲೆದಿದ್ದು ನೆನಪಾಯಿತು. ಆಗ ಜೇಬಿನಲ್ಲಿದ್ದಿದ್ದು ಬಸ್ ಪಾಸ್ ಮತ್ತು ಚೌಕಾಸಿ ಮಾಡುವ ಧೈರ್ಯ. ಈಗ ಕಾರ್ಡ್ ಇದೆ, ಧೈರ್ಯ ಕಮ್ಮಿಯಾಗಿದೆ.

ಒಂದು ಪ್ರಶ್ನೆ

ಮೂರನೇ ಅಂಗಡಿಯಲ್ಲಿ ಒಬ್ಬ ಹಿರಿಯರಿದ್ದರು. ನಾನು ಡಿಪಿಐ, ವೈಫೈ ಅಂತ ಶುರು ಮಾಡಿದರೆ ಅವರು ಕೇಳಿದ್ದು ಒಂದೇ: ‘ಮೇಡಂ, ತಿಂಗ್ಳಿಗೆ ಎಷ್ಟು ಫೋಟೊ ಹೊಡೀತೀರಾ? ನಿಜ ಹೇಳ್ಬೇಕು.’

ನೂರು ಅಂದುಬಿಡೋಣ ಅನ್ನಿಸಿತು. ಯೋಚಿಸಿ ‘ಇಪ್ಪತ್ತು’ ಅಂದೆ. ‘ಕೆಲವು ತಿಂಗಳು ಒಂದೂ ಇಲ್ಲ’ ಅಂತಲೂ ಒಪ್ಪಿಕೊಂಡೆ.

ಆಮೇಲೆ ಅವರು ಹೇಳಿದ್ದು, ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು. ಲೇಸರ್ ಪ್ರಿಂಟರ್ ದಾಖಲೆಗಳಿಗೆ ಸರಿ, ಫೋಟೊಗೆ ಬೇಡ. ಕಾರ್ಟ್ರಿಡ್ಜ್ ಹಾಕುವ ಇಂಕ್‌ಜೆಟ್ ಕೊಳ್ಳುವಾಗ ಅಗ್ಗ, ಆಮೇಲೆ ಇಂಕಿಗೆ ದುಡ್ಡು ಸುರಿಯಬೇಕು. ಬಳಸದೆ ಇಟ್ಟರೆ ಹೆಡ್‌ನಲ್ಲಿ ಇಂಕ್ ಒಣಗಿ ಕಟ್ಟಿಕೊಳ್ಳುತ್ತೆ. ಲಾಕ್‌ಡೌನಿನಲ್ಲಿ ತಂದ ನಮ್ಮ ಮನೆಯ ಪ್ರಿಂಟರ್ ಸತ್ತಿದ್ದೇ ಹಾಗೆ. ಹೆಡ್ ಕ್ಲೀನಿಂಗ್ ಮಾಡಿ ಮಾಡಿ ಇದ್ದ ಇಂಕೂ ಖಾಲಿಯಾಗಿತ್ತು.

ಇಂಕ್ ಟ್ಯಾಂಕ್ ಪ್ರಿಂಟರ್ 12ರಿಂದ 15 ಸಾವಿರಕ್ಕೆ ಸಿಗುತ್ತೆ. ಗ್ಲಾಸಿ ಪೇಪರ್ ಸೇರಿದರೂ ಒಂದು ಫೋಟೊಗೆ ಹತ್ತು ರೂಪಾಯಿಯ ಆಸುಪಾಸು ಅಂದರು. ಮಕ್ಕಳ ಸ್ಕೂಲ್ ಪ್ರಾಜೆಕ್ಟ್, ಆಧಾರ್ ಪ್ರಿಂಟು ಎಲ್ಲಕ್ಕೂ ಆಗುತ್ತೆ. ಫೋಟೊಗೇ ಅಂತಾದರೆ ಎಪ್ಸನ್ ಎಲ್8050 ಥರದ ಆರು ಬಣ್ಣದ್ದು ಇನ್ನೂ ಚೆಂದ. ತಿಳಿ ನೀಲಿ, ತಿಳಿ ಗುಲಾಬಿ ಇಂಕ್ ಬೇರೆ ಇರೋದರಿಂದ ಮುಖದ ಬಣ್ಣ ನಯವಾಗಿ ಬರುತ್ತೆ. ಆದರೆ ಬೆಲೆ 20 ಸಾವಿರ ದಾಟುತ್ತೆ. ಟ್ಯಾಂಕ್ ಇದ್ದರೂ ಇದೂ ಇಂಕ್‌ಜೆಟ್ಟೇ. ‘ವಾರಕ್ಕೊಂದ್ಸಲನಾದ್ರೂ ಓಡಿಸ್ಬೇಕು, ಇಲ್ಲಾಂದ್ರೆ ತಗೋಬೇಡಿ’ ಅಂದರು.

ಅಂಗೈ ಅಗಲದ ಪುಟಾಣಿ ಪ್ರಿಂಟರುಗಳೂ ಇದ್ದವು. 2x3 ಇಂಚಿನ ಪೇಪರಿನಲ್ಲೇ ಬಣ್ಣ ಅಡಗಿರುತ್ತೆ, ಇಂಕೇ ಬೇಡ. ಆದರೆ ಅಷ್ಟು ಚಿಕ್ಕದು ನಮ್ಮಜ್ಜಿಯ ಕಣ್ಣಿಗೆ ಕಾಣಬೇಕಲ್ಲ!

ಕೊನೆಗೆ ತೆಗೆದಿದ್ದು ಕ್ಯಾನನ್ ಸೆಲ್ಫಿ ಸಿಪಿ1500. ಇದರಲ್ಲಿ ದ್ರವದ ಇಂಕ್ ಇಲ್ಲ. ರಿಬ್ಬನ್ ಮೇಲಿನ ಬಣ್ಣವನ್ನು ಬಿಸಿ ಮಾಡಿ ಪೇಪರಿಗೆ ಇಳಿಸುತ್ತೆ. ಮೂರು ತಿಂಗಳು ಮುಟ್ಟದಿದ್ದರೂ ಒಣಗೋದಕ್ಕೆ ಏನೂ ಇಲ್ಲ. ‘ಡೆಮೊ ತೋರಿಸ್ತೀನಿ, ಯಾವ್ದಾದ್ರೂ ಒಂದು ಫೋಟೊ ಕೊಡಿ’ ಅಂದರು.

ಯಾಕೋ ಗೊತ್ತಿಲ್ಲ, ತೋಟದ ಬದುವಿನ ಮೇಲಿನ ಅಜ್ಜನನ್ನೇ ಕೊಟ್ಟೆ.

ಪೇಪರ್ ಹೊರಗೆ ಬಂತು, ಬರೀ ಹಳದಿ. ಒಳಗೆ ಹೋಗಿ ಮತ್ತೆ ಬಂತು, ಅದರ ಮೇಲೆ ಗುಲಾಬಿ. ಮೂರನೇ ಸಲ ನೀಲಿ ಬಿದ್ದಾಗ ತೆಂಗಿನ ಗರಿ ಹಸಿರಾಯಿತು, ಅಜ್ಜ ನಕ್ಕರು. ನಾಲ್ಕನೇ ಸಲ ಮೇಲೊಂದು ಪಾರದರ್ಶಕ ಲೇಪನ. ಒಂದು ನಿಮಿಷವೂ ಆಗಿರಲಿಲ್ಲ. ಎಲ್ಲೂ ಮಸುಕಿಲ್ಲ.

ಲೆಕ್ಕ ಸುಲಭದ್ದೇ. ಆ ಫೋಟೊ ಇರೋದು 1280 ಪಿಕ್ಸೆಲ್ ಅಗಲ. ಅದನ್ನು 18 ಇಂಚಿಗೆ ಎಳೆದರೆ ಇಂಚಿಗೆ ಸಿಗೋದು 71 ಪಿಕ್ಸೆಲ್, 6 ಇಂಚಿಗಾದರೆ 213. ಕೈಯಲ್ಲಿ ಹಿಡಿದು ನೋಡೋದಕ್ಕೆ ಧಾರಾಳ ಸಾಕು. ಎಂಜಿನಿಯರಿಂಗ್ ಓದಿ, ದಿನವಿಡೀ ಕೋಡ್ ಬರೆಯುವ ನನಗೆ ಈ ಭಾಗಾಕಾರ ಒಂದು ವರ್ಷ ಹೊಳೆದಿರಲಿಲ್ಲ. ದೊಡ್ಡದು ಬೇಕು ಅಂತ ಹಟ ಹಿಡಿದು, ಚಿಕ್ಕದಾಗಿ ಇದ್ದ ಅಜ್ಜನನ್ನೇ ಬಿಟ್ಟಿದ್ದೆವು.

ದುಡ್ಡಿನ ಲೆಕ್ಕ

ಸುಳ್ಳು ಹೇಳಲ್ಲ, ಇದು ಅಗ್ಗದ ದಾರಿಯಲ್ಲ. ಮೆಷಿನ್ ಬಜೆಟ್ಟಿನೊಳಗೇ ಬಂತು. 108 ಹಾಳೆ ಮತ್ತು ಅದಕ್ಕೆ ಬೇಕಾದ ರಿಬ್ಬನ್ ಇರುವ ಪ್ಯಾಕಿಗೆ ಅವತ್ತು ಹೇಳಿದ್ದು ಸುಮಾರು 3 ಸಾವಿರ. ಅಂದರೆ ಒಂದು ಫೋಟೊಗೆ 28 ರೂಪಾಯಿ. ನಮ್ಮ ಏರಿಯಾದ ಸ್ಟುಡಿಯೋದಲ್ಲಿ ಅದೇ ಸೈಜಿಗೆ 15. ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಇದರಲ್ಲಿ ಬರೋದಿಲ್ಲ, ದಾಖಲೆಗಳ ಪ್ರಿಂಟಂತೂ ಇಲ್ಲವೇ ಇಲ್ಲ. ವರ್ಷಕ್ಕೊಮ್ಮೆ ನೂರು ಫೋಟೊ ಆರಿಸಿ ಸ್ಟುಡಿಯೋಗೆ ಕೊಡುವ ಶಿಸ್ತು ನಿಮಗಿದ್ದರೆ ಪ್ರಿಂಟರೇ ಬೇಡ. ವಾರ ವಾರ ಪ್ರಿಂಟ್ ಮಾಡುವ ಮನೆಯಾದರೆ ಇಂಕ್ ಟ್ಯಾಂಕ್ ತಗೊಳ್ಳಿ. ನನಗೆ ಎರಡೂ ಆಗಲ್ಲ. 15 ರೂಪಾಯಿಯ ಪ್ರಿಂಟನ್ನು ‘ನಾಳೆ ಮಾಡಿಸೋಣ’ ಅಂತಲೇ ವರ್ಷಗಳು ಕಳೆದಿವೆ.

ಎರಡು ಕಿವಿಮಾತು. ಮನೆಯವರಿಂದ ಫೋಟೊ ತರಿಸಿಕೊಳ್ಳುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸೋಕೆ ಹೇಳಿ, ಆಗ ಫೋಟೊ ಕುಗ್ಗೋದಿಲ್ಲ. ಮತ್ತೆ, ಫೋನಿನ ಫೋಟೊ ಸಾಮಾನ್ಯವಾಗಿ 4:3, ಪೇಪರ್ 3:2. ನೋಡದೆ ಪ್ರಿಂಟ್ ಕೊಟ್ಟರೆ ಮೇಲೆ ನಿಂತವರ ತಲೆ ಹೋಗುತ್ತೆ.

ಮುಂದಿನ ವಾರ ಪ್ರಿಂಟರನ್ನೇ ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದೆ. ಅಂಗಡಿಯಲ್ಲಿ ಬಂದ ಆ ಮೊದಲ ಪ್ರಿಂಟನ್ನು ಅಜ್ಜಿಯ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

‘ಇವ್ರು ನಮ್ಮನೆಯವ್ರು’ ಅಂದರು.

ಆಮೇಲೆ ಫೋಟೊ ತಿರುಗಿಸಿದರು, ಫೋನನ್ನು ತಿರುಗಿಸಿದ ಹಾಗೇ. ‘ಹಿಂದ್ಗಡೆ ಹೆಸ್ರು ಬರ್ದಿಡು ಮಗು. ನಾಳೆ ನಂಗೂ ಮರ್ತೋದ್ರೆ?’

ಬರೆದೆ. ಈಗ ಪ್ರತಿ ತಿಂಗಳು ಕಳಿಸುವ ಎಲ್ಲ ಫೋಟೊಗಳ ಹಿಂದೆಯೂ ಬರೆಯುತ್ತೇನೆ: ಯಾರು, ಎಲ್ಲಿ, ಯಾವಾಗ.