ಕಾಫಿ ತೋಟದ ನಡುವೆ ಒಂದು ಸಣ್ಣ ಕಾಲೇಜು

ಹಾಸನದಿಂದ ಪಶ್ಚಿಮಕ್ಕೆ ಹೊರಟವರಿಗೆ ಆಲೂರಿನ ಕಡೆಯ ಹೊಲಗಳನ್ನು ಕಾಣುವಾಗ ಮಲೆನಾಡು ಸಮೀಪಿಸಿತೆಂಬ ಭಾವನೆ ಬರುವುದಿಲ್ಲ. ಆಲೂಗಡ್ಡೆ, ಶುಂಠಿ, ಗದ್ದೆ, ಅಲ್ಲಲ್ಲಿ ಬೋಳುಗುಡ್ಡಗಳು. ಪಾಳ್ಯ, ಬಾಳ್ಳುಪೇಟೆಗಳನ್ನು ದಾಟಿದ ಮೇಲೆ ಗಾಳಿಗೆ ತಂಪು ಸೇರುತ್ತದೆ, ಮರಗಳು ರಸ್ತೆಯ ಮೇಲೆ ಬಾಗುತ್ತವೆ. ಹೇಮಾವತಿಯ ಸೇತುವೆ ದಾಟುವ ಹೊತ್ತಿಗೆ ಬೇರೊಂದು ನಾಡಿಗೆ ಬಂದಂತೆನಿಸುತ್ತದೆ. ಇಲ್ಲಿಂದ ಮುಂದೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲುದಾರಿ ಸುಮಾರು 55 ಕಿಲೋಮೀಟರು. ಅದರಲ್ಲಿ 57 ಸುರಂಗಗಳಿವೆ.

ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ನಾವು ಸಕಲೇಶಪುರದ ಆಚೆಯ ಒಂದು ಭಕ್ತರ ಮನೆಗೆ ಹೋಗಿದ್ದೆವು. ಯಜಮಾನರು ಸಣ್ಣ ತೋಟದವರು. ಮಗ ಪಿಯುಸಿಯಲ್ಲಿ ವಿಜ್ಞಾನ ಓದಿ ತೇರ್ಗಡೆಯಾಗಿದ್ದನು. ತೋಟದ ಮೇಲೆ ಸಾಲ ಎತ್ತಿ ಅವನನ್ನು ಬೆಂಗಳೂರಿಗೆ ಕಳುಹಿಸುವುದೋ, ಅಥವಾ ಅಕ್ಕ ಓದುತ್ತಿರುವ ಹತ್ತಿರದ ಸಣ್ಣ ಕಾಲೇಜಿಗೇ ಸೇರಿಸುವುದೋ ಎಂಬ ಚಿಂತೆ ಆ ಮನೆಯನ್ನು ಆವರಿಸಿತ್ತು. ಆ ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ ಕಲಾ ವಿಭಾಗದವರೇ ಹೆಚ್ಚು. ವಿಜ್ಞಾನದ ತರಗತಿಯಲ್ಲಿ ಒಂದೇ ಬೆಂಚಿಗೆ ಸಾಲುವಷ್ಟು ಮಕ್ಕಳು. ಪ್ರವೇಶ ಹೀಗೆಯೇ ಇಳಿಯುತ್ತ ಹೋದರೆ ಆ ವಿಭಾಗವೇ ಮುಚ್ಚೀತೆಂಬ ಭಯವೂ ಇದ್ದಿತು.

"ಅಲ್ಲಿ ಏನು ಕಲಿತೆಯವ್ವ?" ಎಂದು ನಾವು ಮಗಳನ್ನು ಕೇಳಿದೆವು. ಅವಳು ಉತ್ತರ ಹೇಳದೆ ನಮ್ಮನ್ನು ತೋಟಕ್ಕೆ ಕರೆದೊಯ್ದಳು.

ಅರೇಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕ ದೊಡ್ಡ ಶತ್ರು. ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ದುಂಬಿಗಳು ಹೊರಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳು ಕಾಂಡವನ್ನು ಒಳಗಿನಿಂದ ಕೊರೆಯುತ್ತದೆ. ಬಿಸಿಲು ಹೆಚ್ಚಾಗಿ ಬೀಳುವ ಗಿಡಗಳಿಗೆ ಕಾಟ ಜಾಸ್ತಿ. ಅಂಥ ಗಿಡಗಳನ್ನು ಕಿತ್ತು ಸುಡುವುದೇ ಪರಿಹಾರ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕಿನ ತೆಳುನೆರಳಿನಲ್ಲಿ ಎಷ್ಟು ಗಿಡ ಕೆಟ್ಟಿವೆ, ಹಲಸು, ಅತ್ತಿ, ಹಾಲುವಾಣಗಳ ನೆರಳಿನಲ್ಲಿ ಎಷ್ಟು ಕೆಟ್ಟಿವೆ ಎಂದು ಹುಡುಗಿ ಸಾಲುಸಾಲಾಗಿ ಎಣಿಸುತ್ತಿದ್ದಳು. ಎಣಿಕೆ ಇನ್ನೂ ಮುಗಿದಿರಲಿಲ್ಲ.

ನಮಗೆ ಹೆಚ್ಚು ಹಿಡಿಸಿದ್ದು ಅವಳ ಟಿಪ್ಪಣಿ ಪುಸ್ತಕದ ಇನ್ನೊಂದು ಪುಟ. ಮರಗಳ ಶಾಸ್ತ್ರೀಯ ಹೆಸರುಗಳ ಪಕ್ಕದಲ್ಲಿ ಕೂಲಿಯವರು ಕರೆಯುವ ಹೆಸರುಗಳಿದ್ದವು. ಅವನ್ನು ಸಂಗ್ರಹಿಸಿದವಳು ಕನ್ನಡ ಐಚ್ಛಿಕ ಓದುವ ಗೆಳತಿ. ಒಂದೇ ಮರಕ್ಕೆ ಎರಡು ಊರಿನಲ್ಲಿ ಎರಡು ಹೆಸರಿದ್ದರೆ ಎಣಿಕೆ ತಪ್ಪುತ್ತದೆ ಎಂಬುದನ್ನು ತೋರಿಸಿಕೊಟ್ಟವಳೂ ಅವಳೇ ಅಂತೆ! ಮಠದ ಪಾಠಶಾಲೆಯಲ್ಲಿ ಅಮರಕೋಶದ ವನೌಷಧಿವರ್ಗವನ್ನು ಬಾಯಿಪಾಠ ಮಾಡಿ, ಆ ಗಿಡಗಳಲ್ಲಿ ಅರ್ಧವನ್ನೂ ಕಣ್ಣಾರೆ ಕಾಣದ ನಮಗೆ ಆ ಪುಟ ಬಹಳ ಹೊತ್ತು ಮನಸ್ಸಿನಲ್ಲಿ ನಿಂತಿತು.

ಇತಿಹಾಸದ ಸಹಪಾಠಿಗಳೊಡನೆ ಅವಳು ಮಂಜರಾಬಾದ್ ಕೋಟೆಗೂ ಹೋಗಿ ಬಂದಿದ್ದಳು. 1792ರಲ್ಲಿ ಟಿಪ್ಪು ಮುಗಿಸಿದ ಆ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದ್ದು. ಯಾರು ಕಟ್ಟಿಸಿದರು, ಏಕೆ ಕಟ್ಟಿಸಿದರು ಎಂದು ಅವರು ಹೇಳಿದರೆ, ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡವೆಲ್ಲ ಕಾಣುವುದರಿಂದ ಶತ್ರು ಅವಿತುಕೊಳ್ಳಲು ಎಡೆಯಿಲ್ಲವೆಂದು ಇವಳು ಗೆರೆ ಎಳೆದು ತೋರಿಸಿದಳಂತೆ.

ಇಂಥ ಬೆರಕೆಯ ಓದು ಪರದೇಶದಲ್ಲಿ ಮಾನ್ಯವಾದ ಕ್ರಮ. 1989ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಥಾಮಸ್ ಚೆಕ್ ಪದವಿ ಓದಿದ್ದು ಅಮೆರಿಕದ ಗ್ರಿನೆಲ್ ಎಂಬ ಸಣ್ಣ ಕಾಲೇಜಿನಲ್ಲಿ. ನಮ್ಮಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಸಂದಿತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವೇ ಅದರ ಹುರುಳು. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ ತೇಜಸ್ವಿಯವರು ಓದಿದ್ದು ಕನ್ನಡ, ಬರೆದದ್ದು ಹಕ್ಕಿ-ಹುಳುಗಳ ಮೇಲೆಯೂ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಹೊಸ ನೀತಿ ಬಂದಾಗ ವಿಜ್ಞಾನದವರೂ ಬೇರೆ ವಿಭಾಗದ ಮುಕ್ತ ಆಯ್ಕೆಯ ವಿಷಯವನ್ನು ಓದುವ ಏರ್ಪಾಡಾಯಿತು. ನಾಲ್ಕು ವರ್ಷದ ಆ ಕ್ರಮವನ್ನು 2024-25ರಲ್ಲಿ ಕೈಬಿಟ್ಟು ಮೂರು ವರ್ಷದ ಪದವಿಗೇ ಮರಳಲಾಯಿತು. ನೀತಿಗಳು ಬಂದು ಹೋಗುವ ವೇಗ ನೋಡಿದರೆ, ಒಂದೇ ಜಗಲಿಯ ಮೇಲೆ ಕುಳಿತು ಬುತ್ತಿ ಬಿಚ್ಚುವ ಮಕ್ಕಳ ಮಾತುಕತೆಯಲ್ಲಿಯೇ ನಮಗೆ ಹೆಚ್ಚು ನಂಬಿಕೆ.

ಆದರೆ ಹುಡುಗಿ ಕೊರತೆಗಳನ್ನು ಮುಚ್ಚಿಡಲಿಲ್ಲ. "ಸೂಕ್ಷ್ಮದರ್ಶಕ ಸಾಲದು ಗುರುಗಳೆ. ಅತಿಥಿ ಉಪನ್ಯಾಸಕರು ತಡವಾಗಿ ನೇಮಕವಾದ ವರ್ಷ ರಸಾಯನಶಾಸ್ತ್ರವನ್ನು ನಾವೇ ಓದಿಕೊಂಡೆವು" ಎಂದಳು. ಇದು ಸಣ್ಣ ಮಾತಲ್ಲ. ಉಪಕರಣವಿಲ್ಲದ ವಿಜ್ಞಾನ ಬರಿಯ ಕಂಠಪಾಠವಾಗುತ್ತದೆ.

ರಾತ್ರಿ ಪ್ರಸಾದವಾದ ಮೇಲೆ ಯಜಮಾನರು ನಮ್ಮ ಅಭಿಪ್ರಾಯ ಕೇಳಿದರು. ಹುಡುಗನಿಗೆ ಎಂಜಿನಿಯರಿಂಗಿನಲ್ಲಿ ನಿಜವಾದ ಒಲವಿದ್ದರೆ ತಡೆಯಬಾರದು, ನೆಂಟರ ಎದುರು ಹೇಳಿಕೊಳ್ಳುವುದಕ್ಕಾಗಿ ತೋಟ ಅಡವಿಡುವುದು ಮಾತ್ರ ಬೇಡವೆಂದೆವು. ಹುಡುಗನನ್ನು ಇನ್ನೂ ಯಾರೂ ಕೇಳಿಯೇ ಇಲ್ಲವೆಂಬುದು ಆಗ ತಿಳಿಯಿತು. ಅವನು ಬಾಗಿಲ ಬಳಿ ನಿಂತಿದ್ದನು. "ಮೊದಲು ಅಕ್ಕನ ಕಾಲೇಜು ನೋಡ್ತೀನಿ ಅಪ್ಪಾಜಿ" ಎಂದನು.

ಮರುದಿನ ಬೆಳಿಗ್ಗೆ ಆಳುಗಳು ಹಾಲುವಾಣದ ಗೂಟ ನೆಡಲು ಗುಂಡಿ ತೆಗೆಯುತ್ತಿದ್ದರು. ಅಕ್ಕ-ತಮ್ಮ ಇಬ್ಬರೂ ಒಂದೇ ಕೊಡೆಯಲ್ಲಿ ಬಸ್ಸಿಗೆ ಹೊರಟರು. ಅರ್ಜಿ ತುಂಬಲು ಇನ್ನೂ ಐದು ದಿನಗಳಿದ್ದವು.